ಒಂದು ಕೇಸಿನ ಬೆನ್ನು ಹತ್ತಿ ಹತ್ತು ವರ್ಷ

ನಾನು ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಬಂದವಳು. ಗಂಡನದು ಎಚ್-1ಬಿ, ಅಂದರೆ ಕೆಲಸದ ವೀಸಾ. ಅಂಥವರ ಹೆಂಡತಿ, ಗಂಡ, ಮಕ್ಕಳಿಗೆ ಕೊಡುವುದು ಎಚ್-4. ಗ್ರೀನ್ ಕಾರ್ಡ್ ಸಾಲಿನಲ್ಲಿ ಒಂದು ಹಂತ ದಾಟಿದವರ ಹೆಂಡತಿಗೆ ಅಥವಾ ಗಂಡನಿಗೆ ಕೆಲಸ ಮಾಡಲು ಅನುಮತಿ ಕೊಡುವ ನಿಯಮ 2015ರ ಮೇ 26ರಂದು ಜಾರಿಗೆ ಬಂತು. ಅದಕ್ಕೂ ಮೊದಲೇ, ಏಪ್ರಿಲ್‌ನಲ್ಲೇ, ಅದರ ವಿರುದ್ಧ ಕೇಸ್ ಬಿದ್ದಿತ್ತು. ಹಾಕಿದ್ದು 'ಸೇವ್ ಜಾಬ್ಸ್ ಯುಎಸ್ಎ' ಎಂಬ ಗುಂಪು. ಕ್ಯಾಲಿಫೋರ್ನಿಯಾದ ಒಂದು ವಿದ್ಯುತ್ ಕಂಪನಿಯಲ್ಲಿ ಐಟಿ ಕೆಲಸ ಕಳೆದುಕೊಂಡವರು ಅವರು. ಅವರ ಸಂಕಟ ಸುಳ್ಳು ಎಂದು ನನಗೆ ಯಾವತ್ತೂ ಅನಿಸಲಿಲ್ಲ. ಆದರೆ ಅವರು ಗೆದ್ದರೆ ನನ್ನ ಕೆಲಸ ಹೋಗುತ್ತಿತ್ತು.

ವಾಟ್ಸಾಪ್‌ನಲ್ಲಿ ದಿನಕ್ಕೊಂದು ಸುದ್ದಿ. "ರದ್ದಾಯಿತಂತೆ", "ಸ್ಟೇ ಬಂತಂತೆ". ಈ 'ಅಂತೆ' ಕೇಳಿ ಕೇಳಿ ನಿದ್ದೆ ಹೋಯಿತು. ಕೊನೆಗೆ ಕೋರ್ಟಿನ ಕಾಗದಗಳನ್ನು ನಾನೇ ಓದುವುದು ಎಂದು ಕೂತೆ. ನಾನು ಓದಿದ್ದು ಇಂಜಿನಿಯರಿಂಗ್, ಕಾನೂನಿನ ಗಂಧ ಇರಲಿಲ್ಲ.

ಮೊದಲು ಕಲಿತದ್ದು ಕೇಸಿನ ನಂಬರ್ ಓದುವುದನ್ನು. 15-cv ಎಂದು ಬರೆಯುತ್ತಾರಲ್ಲ, ಕನ್ನಡದಲ್ಲಿ ಹೇಳುವುದಾದರೆ 15-ಸಿವಿ-615. 2015ರಲ್ಲಿ ದಾಖಲಾದ ಸಿವಿಲ್ ಕೇಸ್, ಕ್ರಮಸಂಖ್ಯೆ 615. ಕೊನೆಯಲ್ಲಿ ನ್ಯಾಯಾಧೀಶರ ಇನಿಷಿಯಲ್: ಟಿಎಸ್‌ಸಿ, ಅಂದರೆ ತಾನ್ಯಾ ಚಟ್ಕನ್. ಈ ನಂಬರ್ ಇದ್ದರೆ ಪೇಸರ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಎರಡೂ ಕಡೆಯವರು ಸಲ್ಲಿಸಿದ ಕಾಗದಗಳು ಸಿಗುತ್ತವೆ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಏನೂ ಕಟ್ಟಬೇಕಿಲ್ಲ. ನಾನು ಆ ಗಡಿಯೊಳಗೇ ಇರುತ್ತಿದ್ದೆ. ನ್ಯಾಯಾಧೀಶರ ತೀರ್ಪುಗಳಿಗಂತೂ ದುಡ್ಡೇ ಇಲ್ಲ.

ನಮ್ಮೂರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸರ್ಕಾರದ ನಿಯಮ ತಪ್ಪು ಅನಿಸಿದರೆ ನಾವು ನೇರ ಹೈಕೋರ್ಟಿನಲ್ಲಿ ರಿಟ್ ಹಾಕುತ್ತೇವೆ. ಇಲ್ಲಿ ಅಂಥ ಕೇಸೂ ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲಿಂದಲೇ ಶುರು. ರಾಜ್ಯಗಳ ಕೋರ್ಟುಗಳು ಬೇರೆ, ಫೆಡರಲ್ ಕೋರ್ಟುಗಳು ಬೇರೆ. ಫೆಡರಲ್‌ನಲ್ಲಿ ಕೆಳಗೆ 94 ಡಿಸ್ಟ್ರಿಕ್ಟ್ ಕೋರ್ಟುಗಳು, ಅವುಗಳ ಮೇಲೆ 13 ಅಪೀಲು ಕೋರ್ಟುಗಳು, ತುದಿಯಲ್ಲಿ ಒಂಬತ್ತು ಜನರ ಸುಪ್ರೀಂ ಕೋರ್ಟ್. ಈ ಕೇಸ್ ನಡೆದದ್ದು ವಾಷಿಂಗ್ಟನ್ ಡಿ.ಸಿ.ಯಲ್ಲಿ. ಅಲ್ಲಿ ಡಿಸ್ಟ್ರಿಕ್ಟ್ ಕೋರ್ಟ್, ಅಪೀಲು ಕೋರ್ಟ್ ಎರಡೂ ಒಂದೇ ಕಟ್ಟಡದಲ್ಲಿವೆ. ನಮ್ಮ ಕೇಸ್ ಅಲ್ಲೇ ಕೆಳಗಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಓಡಾಡಿತು.

2016ರ ಸೆಪ್ಟೆಂಬರ್‌ನಲ್ಲಿ ಡಿಸ್ಟ್ರಿಕ್ಟ್ ಕೋರ್ಟಿನ ತೀರ್ಪು ಬಂತು. ಕೇಸ್ ವಜಾ ಆಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರಿಗೂ ಸಂಭ್ರಮ. ನಾನು ತೀರ್ಪು ತೆರೆದು ಓದಿದೆ. ನಿಯಮ ಸರಿ ಎಂದು ನ್ಯಾಯಾಧೀಶರು ಹೇಳಿರಲೇ ಇಲ್ಲ. ಈ ನಿಯಮದಿಂದ ತಮಗೇ ಏಟು ಬಿದ್ದಿದೆ ಎಂದು ಕೇಸ್ ಹಾಕಿದವರು ತೋರಿಸಿಲ್ಲ, ಹಾಗಾಗಿ ಅವರಿಗೆ ಕೇಸ್ ಹಾಕುವ ಹಕ್ಕಿಲ್ಲ ಎಂದಷ್ಟೇ ಹೇಳಿದ್ದರು. ಇದನ್ನು ಇಲ್ಲಿ 'ಸ್ಟ್ಯಾಂಡಿಂಗ್' ಎನ್ನುತ್ತಾರೆ. ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದ ಹಾಗೆ. ಒಳಗಿನ ಮಾತು ಹಾಗೇ ಉಳಿದಿತ್ತು. ಗುಂಪಿನಲ್ಲಿ ಹಾಗೆಂದು ಬರೆದಾಗ ಯಾರಿಗೂ ಇಷ್ಟವಾಗಲಿಲ್ಲ.

ಕೇಸ್ ಹಾಕಿದವರು ಅಪೀಲು ಹೋದರು. ಮುಂದಿನ ಮೂರು ವರ್ಷ ಬರೀ ಕಾಯುವುದು. ಹೊಸ ಸರ್ಕಾರ ಈ ನಿಯಮವನ್ನೇ ವಾಪಸ್ ತೆಗೆಯುವ ಯೋಚನೆಯಲ್ಲಿದೆ ಎಂದು ಕೇಸನ್ನು ತಡೆಹಿಡಿಸಿತ್ತು. 2019ರ ನವೆಂಬರ್‌ನಲ್ಲಿ ಅಪೀಲು ಕೋರ್ಟು ಹೇಳಿತು: ಕೆಲಸಕ್ಕೆ ಪೈಪೋಟಿ ಹೆಚ್ಚಿದರೆ ಅದೂ ಏಟೇ, ಇವರಿಗೆ ಹಕ್ಕಿದೆ. ಕೇಸ್ ಮತ್ತೆ ಕೆಳಗೆ ಬಂತು. ಅಸಲು ಪ್ರಶ್ನೆಗೆ, ಅಂದರೆ ಇಂಥ ನಿಯಮ ಮಾಡಲು ಸರ್ಕಾರಕ್ಕೆ ಅಧಿಕಾರ ಇದೆಯೇ ಎನ್ನುವುದಕ್ಕೆ, ಡಿಸ್ಟ್ರಿಕ್ಟ್ ಕೋರ್ಟಿನ ಉತ್ತರ ಬಂದದ್ದು 2023ರ ಮಾರ್ಚ್ 28ಕ್ಕೆ. ಇದೆ ಎಂದರು. ಕೇಸ್ ಹಾಕಿದವರು ಮತ್ತೆ ಅಪೀಲು ಹೋದರು.

ನಾನು ಜಾಸ್ತಿ ಹೆದರಿದ್ದು ಇದಾದ ಮೇಲೆ. 2024ರ ಜೂನ್ 28ರಂದು ಸುಪ್ರೀಂ ಕೋರ್ಟು 'ಲೋಪರ್ ಬ್ರೈಟ್' ಎಂಬ ಬೇರೆಯೇ ಕೇಸಿನಲ್ಲಿ, ಕಾನೂನು ಅಸ್ಪಷ್ಟವಾಗಿದ್ದಾಗ ಸರ್ಕಾರಿ ಇಲಾಖೆಯ ಅರ್ಥಕ್ಕೆ ಕೋರ್ಟುಗಳು ಮಣೆ ಹಾಕಬೇಕು ಎಂಬ 40 ವರ್ಷದ ಪದ್ಧತಿಯನ್ನು ಕಿತ್ತುಹಾಕಿತು. ನಮ್ಮ ನಿಯಮವೂ ಇಲಾಖೆ ಮಾಡಿದ್ದೇ ಅಲ್ವಾ? ಇನ್ನು ಮುಗಿಯಿತು ಎಂದು ಎಲ್ಲರೂ ಬರೆದರು. ನನಗೂ ಹಾಗೇ ಅನಿಸಿತು. ಐದು ವಾರ ಕಳೆದು ಆಗಸ್ಟ್ 2ರಂದು ಅಪೀಲು ಕೋರ್ಟಿನ ತೀರ್ಪು ಬಂತು. ನಿಯಮ ಉಳಿಯಿತು!

ಯಾಕೆ ಉಳಿಯಿತು ಎಂದು ತಿಳಿಯಲು ಮೂರು ಸಲ ಓದಿದೆ. 2022ರಲ್ಲಿ ಇದೇ ಅಪೀಲು ಕೋರ್ಟು 'ವಾಶ್‌ಟೆಕ್' ಎಂಬ ಕೇಸಿನಲ್ಲಿ, ವಿದ್ಯಾರ್ಥಿಗಳು ಓದು ಮುಗಿಸಿ ಕೆಲಸ ಮಾಡುವ ಓಪಿಟಿ ನಿಯಮವನ್ನು ಎತ್ತಿಹಿಡಿದಿತ್ತು. ವೀಸಾದಾರರಿಗೆ ಕೆಲಸದ ಅನುಮತಿ ಕೊಡುವ ಅಧಿಕಾರ ಕಾನೂನಿನಲ್ಲೇ ಇದೆ ಎಂದು ಆಗಲೇ ಹೇಳಿತ್ತು. ಇಲಾಖೆಯ ಮಾತು ನಂಬಿ ಹೇಳಿದ್ದಲ್ಲ, ಕಾನೂನನ್ನು ತಾವೇ ಓದಿ ಹೇಳಿದ್ದು. ಅಪೀಲು ಕೋರ್ಟಿನಲ್ಲಿ ಮೂವರು ನ್ಯಾಯಾಧೀಶರ ಪೀಠ ಕೂರುತ್ತದೆ. ಒಂದು ಪೀಠ ಹೇಳಿದ್ದನ್ನು ಇನ್ನೊಂದು ಪೀಠ ಸುಮ್ನೆ ಅಳಿಸುವ ಹಾಗಿಲ್ಲ. ಅಳಿಸಬೇಕಾದರೆ ಆ ಕೋರ್ಟಿನ ಪೂರ್ತಿ ಪೀಠ ಕೂರಬೇಕು, ಇಲ್ಲವೇ ಸುಪ್ರೀಂ ಕೋರ್ಟ್ ಹೇಳಬೇಕು. ಯಾರದೋ ಮಕ್ಕಳ ಓಪಿಟಿ ಕೇಸು ನನ್ನ ಕೆಲಸ ಉಳಿಸಿತ್ತು. ಆ ಕೇಸಿನ ಹೆಸರನ್ನು ಅಲ್ಲಿಯವರೆಗೆ ನಮ್ಮ ಗುಂಪಿನಲ್ಲಿ ಯಾರೂ ಎತ್ತಿರಲಿಲ್ಲ.

ಉಳಿದದ್ದು ಸುಪ್ರೀಂ ಕೋರ್ಟ್. ಇಂಥ ಕೇಸುಗಳಲ್ಲಿ ಅಲ್ಲಿಗೆ ಅಪೀಲು ಹೋಗುವುದು ಹಕ್ಕಲ್ಲ, ದಯವಿಟ್ಟು ಕೇಳಿ ಎಂದು ಅರ್ಜಿ ಹಾಕಬೇಕು. ಒಂಬತ್ತರಲ್ಲಿ ನಾಲ್ವರು ಒಪ್ಪಿದರೆ ವಿಚಾರಣೆ. ಸಾವಿರಾರು ಅರ್ಜಿ ಬರುತ್ತವೆ, ಎತ್ತಿಕೊಳ್ಳುವುದು ಬೆರಳೆಣಿಕೆಯಷ್ಟು.

2025ರ ಅಕ್ಟೋಬರ್‌ನ ಒಂದು ಬೆಳಿಗ್ಗೆ ಕೋರ್ಟಿನ ಆದೇಶಗಳ ಪಟ್ಟಿ ತೆರೆದೆ. ಉದ್ದದ ಪಟ್ಟಿ. 'ತಿರಸ್ಕರಿಸಲಾಗಿದೆ' ಎಂಬ ಭಾಗದಲ್ಲಿ ನಮ್ಮ ಕೇಸ್ ಇತ್ತು. ಒಂದೇ ಸಾಲು, ಕಾರಣ ಇಲ್ಲ. ಹಾಗೆ ತಿರಸ್ಕರಿಸಿದರೆ ಕೆಳಗಿನ ತೀರ್ಪು ಸರಿ ಎಂದು ಒಪ್ಪಿದಂತಲ್ಲ. ಅದು ಉಳಿಯಿತು, ಅಷ್ಟೇ. ಸರ್ಕಾರ ಮನಸ್ಸು ಮಾಡಿದರೆ ನಾಳೆ ನಿಯಮವನ್ನು ಬದಲಿಸಲು ಹೊರಡಬಹುದು. ಇಷ್ಟನ್ನೂ ಗುಂಪಿನಲ್ಲಿ ಬರೆದು, ಜೊತೆಗೆ ಆ ಪುಟವನ್ನೂ ಹಾಕಿದೆ.

ಗಂಡನಿಗೆ ಫೋನ್ ಮಾಡಿದೆ. "ಓದಿದ್ಯಾ?" ಎಂದು ಕೇಳಿದರು. "ಓದಿದೆ" ಅಂದೆ. ಒಂಬತ್ತೂವರೆಯಾಗಿತ್ತು ಇಲ್ಲಿ, ಹತ್ತು ಗಂಟೆಗೆ ಆಫೀಸಿನ ಮೀಟಿಂಗ್. ಲ್ಯಾಪ್‌ಟಾಪ್ ಎಳೆದುಕೊಂಡು ಕೂತೆ.