ನುಂಗಲು ಆಗುತ್ತಿಲ್ಲವೇ? ಡಾಕ್ಟರ ಬಳಿ ಹೋಗುವ ಮೊದಲು ಇಷ್ಟು ಗಮನಿಸಿ

ಊಟ ಗಂಟಲಿಂದ ಇಳಿಯುವುದಿಲ್ಲ ಎಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಎರಡು ಉತ್ತರ ಸದಾ ಸಿದ್ಧ. ಒಂದು, ‘ಗ್ಯಾಸ್ಟ್ರಿಕ್ ಇರ್ಬೇಕು’. ಇನ್ನೊಂದು, ‘ಮೀನಿನ ಮುಳ್ಳು ಸಿಕ್ಕಿರ್ಬೇಕು, ಒಂದು ಉಂಡೆ ಅನ್ನ ನುಂಗಿ ಮಾರಾಯ್ರೆ’. ಮೊದಲನೆಯದು ಎಷ್ಟೋ ಸಲ ನಿಜವೇ. ಎರಡನೆಯದನ್ನು ಮಾತ್ರ ಮಾಡಬೇಡಿ. ಮುಳ್ಳು ನಿಜಕ್ಕೂ ಸಿಕ್ಕಿದ್ದರೆ ಅನ್ನದ ಉಂಡೆ ಅದನ್ನು ಇನ್ನಷ್ಟು ಆಳಕ್ಕೆ ಚುಚ್ಚಬಹುದು. ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದರೆ ಇಕ್ಕಳದಲ್ಲಿ ತೆಗೆಯುತ್ತಾರೆ.

ಈ ಎರಡೂ ಅಲ್ಲದ ಕಾರಣಗಳು ಬೇಕಾದಷ್ಟಿವೆ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರೊಳಗೆ ವೈರಸ್‌ನಿಂದ ಹುಣ್ಣಾಗಬಹುದು, ಮಾತ್ರೆ ಅಂಟಿಕೊಂಡು ಸುಡಬಹುದು, ಕೊಳವೆ ಕಿರಿದಾಗಬಹುದು, ಸ್ನಾಯು ಕೈಕೊಡಬಹುದು. ಯಾವುದೆಂಬ ಅಂದಾಜು ಡಾಕ್ಟರಿಗೆ ಮೊದಲು ಸಿಗುವುದು ಯಂತ್ರದಿಂದಲ್ಲ, ನೀವು ಹೇಳುವ ಮಾತಿನಿಂದ. ಆದರೆ ಒಪಿಡಿಯಲ್ಲಿ ಸಿಗುವುದು ಐದು ನಿಮಿಷ. ‘ಊಟ ಸೇರುವುದಿಲ್ಲ ಡಾಕ್ಟ್ರೇ’ ಅಂದರೆ ಹಸಿವೇ ಇಲ್ಲ ಎಂದು ಅವರು ಬರೆದುಕೊಂಡು ಬಿಡಬಹುದು. ಹಾಗಾಗಿ ಮನೆಯಲ್ಲೇ ಒಂದು ಚೀಟಿ ಬರೆದಿಟ್ಟುಕೊಳ್ಳಿ.

ಮೊದಲು: ನೋವೋ, ಅಡ್ಡಿಯೋ?

ಇವೆರಡೂ ಒಂದೇ ಅಲ್ಲ. ತುತ್ತು ಇಳಿಯುತ್ತದೆ, ಆದರೆ ಇಳಿಯುವ ದಾರಿಯುದ್ದಕ್ಕೂ ಎದೆಯ ಹಿಂದೆ ಚುರುಗುಟ್ಟುತ್ತದೆ, ಎಂಜಲು ನುಂಗಿದರೂ ನೋವು ಎಂದಾದರೆ ಒಳಗೆ ಹುಣ್ಣಿರುವ ಸಾಧ್ಯತೆ ಜಾಸ್ತಿ. ನೋವಿಲ್ಲ, ಆದರೆ ತುತ್ತು ಎದೆಯ ನಡುವೆ ನಿಂತೇಬಿಡುತ್ತದೆ, ನೀರು ಕುಡಿದು ದೂಡಬೇಕು ಎಂದಾದರೆ ಅದು ಅಡ್ಡಿ. ಅಲ್ಲಿ ಕೊಳವೆ ಕಿರಿದಾಗಿರಬಹುದು ಅಥವಾ ಸ್ನಾಯು ಸರಿಯಾಗಿ ಕೆಲಸ ಮಾಡದೇ ಇರಬಹುದು. ಎರಡೂ ಇದ್ದರೆ ಎರಡನ್ನೂ ಬರೆಯಿರಿ, ಯಾವುದು ಮೊದಲು ಶುರುವಾಯಿತು ಎಂದೂ ಬರೆಯಿರಿ.

ವೈರಸ್ ಹುಣ್ಣು ಸಾಮಾನ್ಯವಾಗಿ ದಿನಗಳ ಲೆಕ್ಕದಲ್ಲಿ ಬರುತ್ತದೆ. ನಿನ್ನೆ ಮೊನ್ನೆವರೆಗೆ ಚೆನ್ನಾಗಿದ್ದವರಿಗೆ ಸ್ವಲ್ಪ ಜ್ವರ, ಆಮೇಲೆ ನುಂಗಲಾಗದಷ್ಟು ನೋವು. ಜ್ವರ ಬಂದಾಗ ಕೆಲವರ ತುಟಿ ಅಂಚಿನಲ್ಲಿ ನೀರುಗುಳ್ಳೆ ಏಳುತ್ತದೆ ಅಲ್ವಾ? ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಕೆಲಸ. ಅದೇ ವೈರಸ್ ಅಪರೂಪಕ್ಕೆ ಅನ್ನನಾಳಕ್ಕೂ ಇಳಿಯುತ್ತದೆ. ತುಟಿಯಲ್ಲಿ, ಬಾಯಲ್ಲಿ ಗುಳ್ಳೆ ಇತ್ತೇ ಎಂಬುದನ್ನು ಚೀಟಿಯಲ್ಲಿ ಸೇರಿಸಿ. ಗಟ್ಟಿಮುಟ್ಟಾದ ಹುಡುಗರಿಗೂ ಇದು ಬಂದದ್ದುಂಟು. ಅವರಲ್ಲಿ ಒಂದೆರಡು ವಾರದಲ್ಲಿ ತಾನಾಗಿಯೇ ಮಾಯುವುದೇ ಹೆಚ್ಚು.

ರೋಗನಿರೋಧಕ ಶಕ್ತಿ ಕುಗ್ಗಿದವರ ಕಥೆ ಬೇರೆ. ಕಿಡ್ನಿ ಕಸಿ ಆದವರು, ಕೀಮೋಥೆರಪಿಯಲ್ಲಿರುವವರು, ತಿಂಗಳುಗಟ್ಟಲೆ ಸ್ಟೆರಾಯ್ಡ್ ತೆಗೆದುಕೊಳ್ಳುವವರು, ಚಿಕಿತ್ಸೆ ಪಡೆಯದ ಎಚ್‌ಐವಿ ಇರುವವರು ನುಂಗುವಾಗಿನ ನೋವನ್ನು ಒಂದು ದಿನವೂ ತಳ್ಳಬಾರದು. ಇವರಿಗೆ ಹರ್ಪಿಸ್ ಅಲ್ಲದೆ ಸೈಟೊಮೆಗಲೊ ವೈರಸ್ ಕೂಡ ಹುಣ್ಣು ಮಾಡುತ್ತದೆ. ಇನ್ನೊಂದು ಮಾತು: ಅನ್ನನಾಳದ ಸೋಂಕುಗಳಲ್ಲಿ ಅತಿ ಸಾಮಾನ್ಯ ಯಾವುದೆಂದರೆ ವೈರಸ್ ಅಲ್ಲ, ಕ್ಯಾಂಡಿಡಾ ಎಂಬ ಶಿಲೀಂಧ್ರ. ನಾಲಿಗೆಯಲ್ಲಿ, ಕೆನ್ನೆಯ ಒಳಗೆ ಮೊಸರು ಅಂಟಿದ ಹಾಗೆ ಬಿಳಿ ಪದರ ಇದ್ದರೆ ಡಾಕ್ಟರಿಗೆ ಅದರ ಸಂಶಯ ಬರುತ್ತದೆ. ಅಸ್ತಮಾಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಬಳಸಿ ಬಾಯಿ ಮುಕ್ಕಳಿಸದೆ ಬಿಡುವವರಿಗೂ ಇದು ಬರುತ್ತದೆ.

ಗಂಜಿ ಇಳಿಯುತ್ತದೋ, ರೊಟ್ಟಿ ಇಳಿಯುತ್ತದೋ?

ಅಡ್ಡಿ ಇರುವವರು ಉತ್ತರಿಸಬೇಕಾದ ಮುಖ್ಯ ಪ್ರಶ್ನೆ ಇದು. ಪರೀಕ್ಷೆ ಮಾಡಲೆಂದು ಸುಮ್ನೆ ಏನನ್ನೂ ನುಂಗಬೇಡಿ, ಕಳೆದ ಕೆಲವು ವಾರ ನೆನಪಿಸಿಕೊಂಡರೆ ಸಾಕು.

ಮೊದಲು ಕೋರಿ ರೊಟ್ಟಿ, ಚಪಾತಿ, ಮಾಂಸದ ತುಂಡು ಸಿಕ್ಕಿಕೊಳ್ಳಲು ಶುರುವಾಗಿ, ಆಮೇಲೆ ಕುಚ್ಚಲಕ್ಕಿ ಅನ್ನ, ಈಗ ಗಂಜಿಯೂ ಕಷ್ಟ ಎಂದಾದರೆ ಕೊಳವೆ ದಿನದಿಂದ ದಿನಕ್ಕೆ ಕಿರಿದಾಗುತ್ತಿದೆ ಎಂದರ್ಥ. ಹಳೆಯ ಆ್ಯಸಿಡಿಟಿಯಿಂದ ಗಾಯದ ಕಲೆ ಕಟ್ಟಿರಬಹುದು, ಗಡ್ಡೆಯೂ ಇರಬಹುದು. ಜೊತೆಗೆ ತೂಕ ಇಳಿಯುತ್ತಿದ್ದರೆ ಕಷಾಯ ಕುಡಿಯುತ್ತಾ ಕೂರುವುದು ಬೇಡ. ಎಲೆಯಡಿಕೆ, ಗುಟ್ಕಾ, ಬೀಡಿ, ಮದ್ಯದ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ. ತಂಬಾಕು ಹಾಕದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಅಡಿಕೆ ತೋಟದ ಊರಿನಲ್ಲಿ ಇದು ಯಾರಿಗೂ ಇಷ್ಟವಾಗದ ಮಾತು, ಆದರೂ ಹೇಳಲೇಬೇಕು.

ರೊಟ್ಟಿಯೂ ನೀರೂ ಮೊದಲಿನಿಂದಲೇ ಒಟ್ಟಿಗೆ ತೊಂದರೆ ಕೊಟ್ಟರೆ ಸ್ನಾಯು, ನರದ ಸಮಸ್ಯೆ ಇರಬಹುದು. ಅದರಲ್ಲಿ ಹೆಸರಾದದ್ದು ಅಕಲೇಸಿಯಾ. ಅನ್ನನಾಳದ ಬುಡದಲ್ಲಿ ಒಂದು ಬಿಗಿ ಸ್ನಾಯು ಉಂಟು. ತುತ್ತು ಬಂದಾಗ ಅದು ಸಡಿಲವಾಗಬೇಕು. ಅಕಲೇಸಿಯಾದಲ್ಲಿ ಆಗುವುದಿಲ್ಲ. ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯದೆ ಬಿಟ್ಟರೆ ಮಳೆಗಾಲದಲ್ಲಿ ನೀರು ಮೇಲಿನ ಗದ್ದೆಗೆ ನುಗ್ಗುವ ಹಾಗೆ, ತಿಂದದ್ದು ಮೇಲೆ ನಿಲ್ಲುತ್ತದೆ. ರಾತ್ರಿ ಮಲಗಿದಾಗ ಬಾಯಿಗೆ ಬರುತ್ತದೆ, ದಿಂಬು ಒದ್ದೆಯಾಗುತ್ತದೆ, ಕೆಮ್ಮು ಬರುತ್ತದೆ. ಬಂದದ್ದು ಹುಳಿ ಇರುವುದಿಲ್ಲ, ಏಕೆಂದರೆ ಅದು ಹೊಟ್ಟೆಗೆ ಇಳಿದೇ ಇರಲಿಲ್ಲ. ಬೆಳಿಗ್ಗೆ ತಿಂದ ನೀರುದೋಸೆ ರಾತ್ರಿ ಹಾಗೆಯೇ ವಾಪಸ್ ಬಂತು ಎಂದರೆ ಡಾಕ್ಟರು ಕಿವಿ ನಿಮಿರಿಸುತ್ತಾರೆ. ವರ್ಷಕ್ಕೆ ಲಕ್ಷದಲ್ಲಿ ಒಬ್ಬರಿಗಷ್ಟೇ ಹೊಸದಾಗಿ ಬರುವ ಕಾಯಿಲೆಯಿದು. ಹಾಗಾಗಿ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ವರ್ಷಗಳು ಕಳೆದುಹೋಗುವುದುಂಟು. ಅಲ್ಲಿನ ನರಗಳು ಸಾಯುವುದಕ್ಕೆ ಹಿಂದೆಂದೋ ಬಂದ ವೈರಸ್ ಕಾರಣ ಇರಬಹುದೆಂಬ ಸಂಶಯವೂ ಇದೆ, ಸಾಬೀತಾಗಿಲ್ಲ.

ತುತ್ತನ್ನು ಗಂಟಲಿಂದ ಕೆಳಗೆ ದೂಡಲೇ ಆಗದೆ ಕೆಮ್ಮು ಬರುವುದು, ನೀರು ಮೂಗಿಗೆ ಏರುವುದು ಅನ್ನನಾಳಕ್ಕಿಂತ ಮೇಲಿನ ಸಮಸ್ಯೆ. ಸ್ಟ್ರೋಕ್, ಪಾರ್ಕಿನ್ಸನ್ ಇರುವವರಲ್ಲಿ ಜಾಸ್ತಿ.

ಮಾತ್ರೆಗಳನ್ನೆಲ್ಲ ಚೀಲಕ್ಕೆ ಹಾಕಿ ಡಾಕ್ಟರ ಬಳಿ ಒಯ್ಯಿರಿ

ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರದ ಭಯ. ಗದ್ದೆ, ತೋಟದ ಕೆಸರಿಗೆ ಇಳಿಯುವವರಿಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಒಳ್ಳೆಯ ಔಷಧಿ. ಆದರೆ ರಾತ್ರಿ ಮಲಗುವ ಹೊತ್ತಿಗೆ ನೆನಪಾಗಿ, ಒಂದು ಗುಟುಕು ನೀರಲ್ಲಿ ಕ್ಯಾಪ್ಸೂಲ್ ನುಂಗಿ ದೀಪ ಆರಿಸಿದರೆ ಅದು ಅನ್ನನಾಳದ ಗೋಡೆಗೆ ಅಂಟಿ ಕರಗಿ ಸುಡುತ್ತದೆ. ಬೆಳಿಗ್ಗೆ ಎಂಜಲು ನುಂಗಲೂ ನೋವು. ನೋಡಿದರೆ ಥೇಟ್ ವೈರಸ್ ಹುಣ್ಣಿನ ಹಾಗೇ. ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್, ಕಬ್ಬಿಣದ ಮಾತ್ರೆ, ಪೊಟ್ಯಾಸಿಯಂ, ನೋವಿನ ಮಾತ್ರೆ ಕೂಡ ಹೀಗೆ ಮಾಡಬಲ್ಲವು. ಇಂಥವನ್ನು ಕೂತು ಅಥವಾ ನಿಂತು, ಒಂದು ಲೋಟ ನೀರು ಪೂರ್ತಿ ಕುಡಿದು ನುಂಗಬೇಕು. ಆಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು.

ಎಂಡೋಸ್ಕೋಪಿಯ ದಿನ

ಮೊದಲು ಹತ್ತಿರದ ಡಾಕ್ಟರೇ ಸಾಕು. ಬೇಕಾದರೆ ಅವರೇ ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಆಯುಷ್ಮಾನ್ ಕಾರ್ಡಿನಲ್ಲಿ ಹೋಗುವವರು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ಮುಂಚೆಯೇ ಕೇಳಿಕೊಳ್ಳಿ.

ಎಂಡೋಸ್ಕೋಪಿ ಎಂದರೆ ಕ್ಯಾಮೆರಾ ಇರುವ ತೆಳು ನಳಿಕೆಯನ್ನು ಬಾಯಿಯಿಂದ ಇಳಿಸಿ ಅನ್ನನಾಳದ ಒಳಗೆ ನೋಡುವುದು. ಆರರಿಂದ ಎಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಏನು ಮಾಡಬೇಕೆಂದು ಹಿಂದಿನ ದಿನವೇ ಕೇಳಿ. ಗಂಟಲಿಗೆ ಮರಗಟ್ಟಿಸುವ ಸ್ಪ್ರೇ ಹೊಡೆಯುತ್ತಾರೆ, ನೋಡುವ ಕೆಲಸ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ನಿದ್ದೆಯ ಇಂಜೆಕ್ಷನ್ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬೇಡಿ.

ಹರ್ಪಿಸ್ ಹುಣ್ಣುಗಳು ಚಿಕ್ಕ ಚಿಕ್ಕವು, ಅಂಚು ಎದ್ದಿರುತ್ತದೆ. ಸೈಟೊಮೆಗಲೊದ್ದು ದೊಡ್ಡವು, ಉದ್ದುದ್ದ. ಬಯಾಪ್ಸಿಗೆ, ಅಂದರೆ ಲ್ಯಾಬಿನಲ್ಲಿ ಪರೀಕ್ಷಿಸಲು, ಚೂರು ತೆಗೆಯುವ ಜಾಗವೂ ಬೇರೆ: ಹರ್ಪಿಸ್ ಹುಣ್ಣಿನ ಅಂಚಿನಲ್ಲಿ ಅಡಗಿರುತ್ತದೆ, ಸೈಟೊಮೆಗಲೊ ಹುಣ್ಣಿನ ತಳದಲ್ಲಿ. ಹರ್ಪಿಸ್‌ಗೆ ಎಸೈಕ್ಲೊವಿರ್, ಸೈಟೊಮೆಗಲೊಗೆ ಗ್ಯಾನ್‌ಸೈಕ್ಲೊವಿರ್, ಕ್ಯಾಂಡಿಡಾಗೆ ಫ್ಲುಕೊನಜೋಲ್. ಒಂದೊಂದಕ್ಕೂ ಮದ್ದು ಬೇರೆ. ಮೆಡಿಕಲ್ ಅಂಗಡಿಯಲ್ಲಿ ‘ಗಂಟಲು ನೋವಿಗೆ ಏನಾದ್ರೂ ಕೊಡಿ’ ಎಂದು ತರುವ ಆ್ಯಂಟಿಬಯೋಟಿಕ್ ಈ ಮೂರಕ್ಕೂ ಪ್ರಯೋಜನವಿಲ್ಲ.

ಅಕಲೇಸಿಯಾ ಸಂಶಯವಿದ್ದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ದ್ರವ ಕುಡಿಸಿ ಎಕ್ಸ್‌ರೇ ತೆಗೆಯುತ್ತಾರೆ, ಮೂಗಿನ ಮೂಲಕ ತೆಳು ನಳಿಕೆ ಇಳಿಸಿ ಸ್ನಾಯುವಿನ ಒತ್ತಡ ಅಳೆಯುತ್ತಾರೆ. 1674ರಲ್ಲೇ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಎಂಬ ವೈದ್ಯ, ತಿಮಿಂಗಿಲದ ಮೂಳೆಯ ಕಡ್ಡಿಗೆ ಸ್ಪಂಜು ಕಟ್ಟಿ ರೋಗಿಯ ಊಟವನ್ನು ಕೆಳಗೆ ದೂಡಿಸಿದ್ದನ್ನು ಬರೆದಿಟ್ಟಿದ್ದಾರೆ. ಈಗ ಬಲೂನಿನಿಂದ ಹಿಗ್ಗಿಸುತ್ತಾರೆ, ಅಥವಾ ಆ ಬಿಗಿ ಸ್ನಾಯುವನ್ನು ಸೀಳುತ್ತಾರೆ. ಹೊರಗೆ ಗಾಯವಿಲ್ಲದೆ ಎಂಡೋಸ್ಕೋಪ್ ಮೂಲಕವೇ ಸೀಳುವ ಪೋಯಮ್ ಎಂಬ ವಿಧಾನವನ್ನು ಜಪಾನಿನ ಹರುಹಿರೊ ಇನೊವೆ 2008ರಲ್ಲಿ ಮೊದಲು ರೋಗಿಗಳಲ್ಲಿ ಮಾಡಿದರು.

ಅಪಾಯಿಂಟ್‌ಮೆಂಟ್‌ಗೆ ಕಾಯಬಾರದ್ದು

ಎಂಜಲೂ ಇಳಿಯದೆ ಸುರಿಯುತ್ತಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ, ಮಲ ಡಾಂಬರಿನಂತೆ ಕಪ್ಪಾದರೆ ನೇರ ಎಮರ್ಜೆನ್ಸಿಗೆ ಹೋಗಿ. ಎದೆನೋವಿನ ಜೊತೆ ಬೆವರು, ಏದುಸಿರು ಇದ್ದರೆ ಅನ್ನನಾಳದ ಯೋಚನೆ ಆಮೇಲೆ, ಮೊದಲು ಇಸಿಜಿ.

ಹುಣ್ಣು ಮಾಯುವ ತನಕ

ಗಂಜಿ ತಿಳಿ, ಚೆನ್ನಾಗಿ ಬೆಂದ ಗಂಜಿ, ಸೀಯಾಳ, ಹುಳಿಯಿಲ್ಲದ ಮಜ್ಜಿಗೆ. ಎಲ್ಲವೂ ಆರಿದ ಮೇಲೆ. ಮೀನು ಸಾರಿನ ಖಾರ, ಪುನರ್ಪುಳಿ, ಉಪ್ಪಿನಕಾಯಿ ಸ್ವಲ್ಪ ದಿನ ದೂರ ಇರಲಿ. ಸ್ಟ್ರೋಕ್ ಆದವರಿಗೆ ಮಾತ್ರ ಈ ಸಲಹೆ ಹೊಂದುವುದಿಲ್ಲ. ಅವರಿಗೆ ತೆಳು ನೀರೇ ಶ್ವಾಸಕೋಶಕ್ಕೆ ಹೋಗುವ ಅಪಾಯ ಹೆಚ್ಚು, ಎಷ್ಟು ಮಂದ ಇರಬೇಕೆಂದು ನುಂಗುವ ತರಬೇತಿ ಕೊಡುವ ಥೆರಪಿಸ್ಟ್ ಹೇಳುತ್ತಾರೆ.

ಬಯಾಪ್ಸಿ ರಿಪೋರ್ಟ್ ಅದೇ ದಿನ ಕೈಗೆ ಸಿಗುವುದಿಲ್ಲ, ಕೆಲವು ದಿನ ಬೇಕು. ಅಷ್ಟರಲ್ಲಿ ನೋವು ಕಡಿಮೆಯಾಗಿರುತ್ತದೆ, ಎಷ್ಟೋ ಮಂದಿ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ರಿಪೋರ್ಟ್ ತಂದು ಡಾಕ್ಟರಿಗೆ ತೋರಿಸಿ. ಸೈಟೊಮೆಗಲೊ ಎಂದು ಬಂದಿದ್ದರೆ ಚಿಕಿತ್ಸೆ ವಾರಗಟ್ಟಲೆ ನಡೆಯಬೇಕು. ಕಾರಣ ಗೊತ್ತಿಲ್ಲದೆ ಅದು ಬಂದಿದ್ದರೆ ನಿರೋಧಕ ಶಕ್ತಿ ಏಕೆ ಕುಗ್ಗಿದೆ ಎಂದೂ ಹುಡುಕಬೇಕಾಗುತ್ತದೆ.