ಗ್ಯಾಲ್ಬನಮ್ ಪೈರಜೀನ್ ಬಳಸುವ ಬಗೆ: ಕರಗಿಸುವುದು, ಅಳೆಯುವುದು, ಹದ ಹಿಡಿಯುವುದು

ದಪ್ಪ ಮೆಣಸಿನಕಾಯಿಯನ್ನು ಸೀಳಿದ ಕೂಡಲೇ ಮೂಗಿಗೆ ಬಡಿಯುವ ಹಸಿ ವಾಸನೆಗೆ ಮುಖ್ಯ ಕಾರಣ 2-ಐಸೊಬ್ಯೂಟೈಲ್-3-ಮೀಥಾಕ್ಸಿಪೈರಜೀನ್. ಪರ್ಫ್ಯೂಮ್ ಮಾಡುವವರು ಇದನ್ನು ಗ್ಯಾಲ್ಬನಮ್ ಪೈರಜೀನ್ ಎಂದು ಕರೆಯುತ್ತಾರೆ. ಇರಾನ್ ಕಡೆ ಬೆಳೆಯುವ ಫೆರುಲಾ ಗಿಡದ ಅಂಟಿನಿಂದ ತೆಗೆಯುವ ಗ್ಯಾಲ್ಬನಮ್ ಎಣ್ಣೆಯಲ್ಲಿ ಇದು ಲವಲೇಶದಷ್ಟಿದ್ದರೂ ಆ ಎಣ್ಣೆಯ ಹಸಿರಿಗೆ ಮೊನಚು ಕೊಡುವುದು ಇದೇ. ಹುರಿಯದ ಕಾಫಿ ಬೀಜದಲ್ಲೂ, ಪೂರ್ತಿ ಮಾಗದ ಕ್ಯಾಬರ್ನೆ ದ್ರಾಕ್ಷಿಯಲ್ಲೂ ಇದೆ.

1969ರಲ್ಲಿ ವಿಜ್ಞಾನಿ ಬಟರಿ ಮತ್ತು ಅವರ ಸಹೋದ್ಯೋಗಿಗಳು ಇದನ್ನು ದಪ್ಪ ಮೆಣಸಿನಕಾಯಿಯಲ್ಲಿ ಗುರುತಿಸಿದರು. ನೀರಿನಲ್ಲಿ ಲೀಟರಿಗೆ ಸುಮಾರು 2 ನ್ಯಾನೊಗ್ರಾಂ ಇದ್ದರೂ ಮನುಷ್ಯರ ಮೂಗು ಇದನ್ನು ಹಿಡಿಯುತ್ತದೆ. ಲೆಕ್ಕ ಹಾಕಿದರೆ 1 ಗ್ರಾಂ ವಸ್ತು 50 ಕೋಟಿ ಲೀಟರ್ ನೀರಿಗೆ ವಾಸನೆ ಹತ್ತಿಸಬಲ್ಲದು. ಆದ್ದರಿಂದ ಇದರ ಜೊತೆಗಿನ ಕೆಲಸದಲ್ಲಿ ಮುಕ್ಕಾಲು ಪಾಲು ಸರಿಯಾಗಿ ಕರಗಿಸುವುದೇ. ಉಳಿದ ಕಾಲು ಪಾಲು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದು.

ಕೊಳ್ಳುವಾಗ

ಲೇಬಲ್ ಮೇಲೆ ಸಿಎಎಸ್ ಸಂಖ್ಯೆ, ಅಂದರೆ ರಾಸಾಯನಿಕವನ್ನು ಗುರುತಿಸುವ ಸಂಖ್ಯೆ, 24683-00-9 ಇದೆಯೇ ನೋಡಿ. ಇದರ ಹತ್ತಿರದ ಬಂಧು 2-ಐಸೊಪ್ರೊಪೈಲ್-3-ಮೀಥಾಕ್ಸಿಪೈರಜೀನ್ ಅಷ್ಟೇ ಬಲವಾದದ್ದು, ಆದರೆ ಅದರ ಒಲವು ಹಸಿ ಆಲೂಗಡ್ಡೆ, ಮಣ್ಣು, ಬಟಾಣಿಯ ಕಡೆಗೆ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಸೂತ್ರದ ದಿಕ್ಕೇ ಬದಲಾಗುತ್ತದೆ. ಎರಡನೆಯದಾಗಿ, ಬಾಟಲಿಯಲ್ಲಿರುವುದು ಶುದ್ಧ ವಸ್ತುವೋ ಮೊದಲೇ ಕರಗಿಸಿದ್ದೋ ಖಚಿತಪಡಿಸಿಕೊಳ್ಳಿ. ಹಲವರು ಇದನ್ನು 10%, 1% ಅಥವಾ 0.1% ದ್ರಾವಣವಾಗಿ ಮಾರುತ್ತಾರೆ. 10% ದ್ರಾವಣವನ್ನು 1% ಎಂದು ತಿಳಿದು ಹಾಕಿದವರ ಬ್ಯಾಚ್ ಪೂರ್ತಿ ಕೆಟ್ಟಂತೆಯೇ. ಆಯ್ಕೆ ಇದ್ದರೆ 1% ದ್ರಾವಣವನ್ನೇ ಕೊಳ್ಳಿ. ಮನೆಯಲ್ಲಿ ಕೆಲಸ ಮಾಡುವವರಿಗೆ ಶುದ್ಧ ರೂಪದಿಂದ ಯಾವ ಲಾಭವೂ ಇಲ್ಲ.

ಕರಗಿಸುವ ಮೆಟ್ಟಿಲುಗಳು

ಟ್ರೈಪ್ಲಾಲ್‌ನಂಥ ಹಸಿರು ಆಲ್ಡಿಹೈಡ್‌ಗಳು ಗಾಳಿ ತಗುಲಿದರೆ ಆಮ್ಲವಾಗುತ್ತವೆ, ಆಲ್ಕೊಹಾಲ್ ಜೊತೆ ಸೇರಿ ರೂಪ ಬದಲಿಸುತ್ತವೆ. ಪೈರಜೀನ್‌ಗೆ ಆ ಕಾಟವಿಲ್ಲ. ಡೈಪ್ರೊಪಿಲೀನ್ ಗ್ಲೈಕಾಲ್, ಅಂದರೆ ಡಿಪಿಜಿ, ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎಥನಾಲ್‌ನಲ್ಲೂ ಕರಗುತ್ತದೆ, ಆದರೆ ಎಥನಾಲ್ ಆರುತ್ತಾ ಹೋದಂತೆ ದ್ರಾವಣದ ಪ್ರಮಾಣ ತಾನಾಗಿಯೇ ಏರುತ್ತದೆ. ಇಷ್ಟು ಬಲದ ವಸ್ತುವಿನಲ್ಲಿ ಆ ಏರಿಕೆ ಗೊತ್ತಾಗುವಷ್ಟಿರುತ್ತದೆ. ಶೇಖರಿಸಿ ಇಡುವ ದ್ರಾವಣಕ್ಕೆ ಡಿಪಿಜಿಯೇ ಇರಲಿ.

ಹನಿ ಎಣಿಸಬೇಡಿ, ತೂಗಿ. ಒಂದು ಹನಿ ಪಿಪೆಟ್‌ನ ಮೂತಿಗೆ ತಕ್ಕಂತೆ 0.02ರಿಂದ 0.03 ಗ್ರಾಂ ತೂಗುತ್ತದೆ, ಅಲ್ಲೇ ಅರ್ಧದಷ್ಟು ಏರುಪೇರು ಬಂದುಬಿಡುತ್ತದೆ. 0.001 ಗ್ರಾಂ ತೋರಿಸುವ ತಕ್ಕಡಿ ಒಳ್ಳೆಯದು. 0.01 ಗ್ರಾಂ ತೋರಿಸುವುದು ಮಾತ್ರ ಇದ್ದರೆ ಮೊದಲ ಮೆಟ್ಟಿಲಿನಲ್ಲಿ ಪ್ರಮಾಣ ದೊಡ್ಡದು ಮಾಡಿ: 0.20 ಗ್ರಾಂ ಶುದ್ಧ ವಸ್ತು, 19.80 ಗ್ರಾಂ ಡಿಪಿಜಿ. ಇದು 1%. 0.05 ಗ್ರಾಂ ತೂಗಲು ಹೊರಟರೆ ತಕ್ಕಡಿಯ ಕೊನೆಯ ಅಂಕೆ ಒಂದು ಆಚೀಚೆಯಾದರೂ ಶೇ. 20ರಷ್ಟು ತಪ್ಪು. ಆ ತಪ್ಪು ಮುಂದಿನ ಎಲ್ಲ ಮೆಟ್ಟಿಲುಗಳಿಗೂ ಇಳಿಯುತ್ತದೆ.

ಮುಂದೆ 1% ದ್ರಾವಣದಿಂದ 1.00 ಗ್ರಾಂ, ಡಿಪಿಜಿ 9.00 ಗ್ರಾಂ: 0.1%. ಅದರಿಂದ ಮತ್ತೆ 1.00 ಗ್ರಾಂ, ಡಿಪಿಜಿ 9.00 ಗ್ರಾಂ: 0.01%. ಪ್ರತಿ ಮೆಟ್ಟಿಲಿಗೂ ಹೊಸ ಪಿಪೆಟ್ ಬಳಸಿ. ಹಳೆಯ ಪಿಪೆಟ್‌ನ ಒಳಗೋಡೆಗೆ ಅಂಟಿದ 1% ದ್ರಾವಣದ ಒಂದು ಹನಿ 0.01% ಬಾಟಲಿಗೆ ಬಿದ್ದರೆ ಅದರ ಬಲ ಸುಮಾರು ಕಾಲು ಭಾಗದಷ್ಟು ಏರಿಬಿಡುತ್ತದೆ. ಡಿಪಿಜಿ ಮಂದವಾಗಿರುವುದರಿಂದ ಮುಚ್ಚಳ ಹಾಕಿ ಎರಡು ನಿಮಿಷ ನಿಧಾನವಾಗಿ ತಲೆಕೆಳಗು ಮಾಡುತ್ತಾ ಬೆರೆಸಿ, ಒಂದು ರಾತ್ರಿ ಬಿಟ್ಟು ಬಳಸಿ. ಲೇಬಲ್ ಮೇಲೆ ಹೆಸರು, ಶೇಕಡಾವಾರು, ದ್ರಾವಕ, ತಾರೀಖು ನಾಲ್ಕೂ ಇರಬೇಕು.

ಶುದ್ಧ ವಸ್ತುವನ್ನು ತೂಗುವ ದಿನ ಬೇರೆ ಯಾವ ಸುಗಂಧದ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ಕಿಟಕಿ ತೆರೆದಿರಲಿ, ನೈಟ್ರೈಲ್ ಕೈಗವಸು, ಕನ್ನಡಕ ಇರಲಿ, ತಕ್ಕಡಿಯ ತಟ್ಟೆಗೆ ಕಾಗದ ಹಾಸಿ. ಬಾಟಲಿಗೆ ಮೂಗು ಹಿಡಿದು ಮೂಸಬಾರದು. ಹಾಗೆ ಮೂಸಿದರೆ ಮೂಗು ದಣಿದು ಅವತ್ತಿಡೀ ಇದರ ವಾಸನೆಯೇ ನಿಮಗೆ ಸರಿಯಾಗಿ ತಿಳಿಯದು.

ಮೊದಲು ಮೂಸಿ ತಿಳಿಯಿರಿ

0.1% ಮತ್ತು 0.01% ದ್ರಾವಣಗಳನ್ನು ಎರಡು ಬ್ಲಾಟರ್ ಪಟ್ಟಿಗಳಿಗೆ (ಮೂಸಿ ನೋಡುವ ಕಾಗದದ ಪಟ್ಟಿ) ಅದ್ದಿ, ಒಂದರಿಂದೊಂದನ್ನು ದೂರವಿಟ್ಟು ಮೂಸಿ. ಮೊದಲನೆಯದರಲ್ಲಿ ಕ್ಯಾಪ್ಸಿಕಂ ಬಿಟ್ಟು ಬೇರೇನೂ ಕಾಣದು. ಎರಡನೆಯದರಲ್ಲಿ ತರಕಾರಿತನ ತಗ್ಗಿ, ಮುರಿದ ಕಾಂಡದ, ಬಟಾಣಿ ಸಿಪ್ಪೆಯ, ಒದ್ದೆ ಮಣ್ಣು ಸೋಕಿದ ಎಲೆಯ ಹಸಿರು ಬರುತ್ತದೆ. ನಮಗೆ ಬೇಕಾದದ್ದು ಈ ಎರಡನೆಯ ಮುಖ. ಪಟ್ಟಿಗಳನ್ನು ಮೂಸಿದ ಮೇಲೆ ಜಿಪ್ ಚೀಲಕ್ಕೆ ಹಾಕಿ ಕೋಣೆಯಿಂದಾಚೆ ಇಡಿ. ಹಾಗೆ ಮಾಡದಿದ್ದರೆ ಮುಂದೆ ಮೂಸುವ ಪ್ರತಿಯೊಂದರಲ್ಲೂ ಇದೇ ಕಾಣುತ್ತದೆ. ಈ ವಸ್ತುವಿಗೆ ಎಲ್ಲರ ಮೂಗೂ ಒಂದೇ ಹದದಲ್ಲಿ ಸ್ಪಂದಿಸುವುದಿಲ್ಲ, ಹಾಗಾಗಿ ಕೊನೆಯ ತೀರ್ಮಾನಕ್ಕೆ ಮುಂಚೆ, ಈ ಕೆಲಸದಲ್ಲಿ ಭಾಗಿಯಾಗದ ಇನ್ನಿಬ್ಬರಿಂದ ಮೂಸಿಸಿ.

ಹದ ಹಿಡಿಯುವ ಪ್ರಯೋಗ

ಪೈರಜೀನ್ ಇಲ್ಲದ ಒಂದು ಹಸಿರು ಆಧಾರವನ್ನು ಮೊದಲು ಮಾಡಿಕೊಳ್ಳಿ. 25 ಗ್ರಾಂಗೆ:

ಹೆಡಿಯೋನ್ 11.00 ಗ್ರಾಂ
ಐಸೊ ಇ ಸೂಪರ್ 6.00
ಎಥಿಲೀನ್ ಬ್ರಾಸಿಲೇಟ್ 2.00
ಬೀಟಾ ಪೈನೀನ್ 1.50
ಅಲೈಲ್ ಅಮೈಲ್ ಗ್ಲೈಕೊಲೇಟ್, 10% ದ್ರಾವಣ 1.50
ಸಿಸ್-3-ಹೆಕ್ಸೆನಾಲ್, 10% ದ್ರಾವಣ 1.50
ಸ್ಟೈರಾಲಿಲ್ ಅಸಿಟೇಟ್, 10% ದ್ರಾವಣ 1.00
ಎವರ್ನಿಲ್, 10% ದ್ರಾವಣ 0.50

ಬೀಟಾ ಪೈನೀನ್ ಇಲ್ಲಿರುವುದು ಗ್ಯಾಲ್ಬನಮ್ ಎಣ್ಣೆಯ ಬಹುಭಾಗ ಅದೇ ಆಗಿರುವುದರಿಂದ. ಅಲೈಲ್ ಅಮೈಲ್ ಗ್ಲೈಕೊಲೇಟ್ ಗ್ಯಾಲ್ಬನಮ್‌ನ ಅನಾನಸ್ ಮುಖವನ್ನು ಕೊಡುತ್ತದೆ, ಹೆಕ್ಸೆನಾಲ್ ಕತ್ತರಿಸಿದ ಹುಲ್ಲನ್ನು ತರುತ್ತದೆ. ಇವೆಲ್ಲ ಇದ್ದರೆ ಮಾತ್ರ ಪೈರಜೀನ್ ಎಲೆಯಾಗುತ್ತದೆ. ಒಂಟಿಯಾಗಿ ಬಿಟ್ಟರೆ ಅದು ತರಕಾರಿಯಾಗಿಯೇ ಉಳಿಯುತ್ತದೆ.

ಇದನ್ನು ಐದು ಸೀಸೆಗಳಿಗೆ 5 ಗ್ರಾಂನಂತೆ ಹಂಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ 0.01% ದ್ರಾವಣ 0.05 ಗ್ರಾಂ, ಮೂರನೆಯದಕ್ಕೆ ಅದೇ 0.15 ಗ್ರಾಂ, ನಾಲ್ಕನೆಯದಕ್ಕೆ 0.50 ಗ್ರಾಂ, ಐದನೆಯದಕ್ಕೆ 0.1% ದ್ರಾವಣ 0.15 ಗ್ರಾಂ. ಇವು ಕ್ರಮವಾಗಿ ಸುಮಾರು 1, 3, 10 ಮತ್ತು 30 ಪಿಪಿಎಂ. ಪಿಪಿಎಂ ಎಂದರೆ ಹತ್ತು ಲಕ್ಷದಲ್ಲೊಂದು ಭಾಗ. ಕೂಡಲೇ ಮೂಸಿ ತೀರ್ಪು ಕೊಡಬೇಡಿ. 48 ಗಂಟೆ ಬಿಟ್ಟು, ಪ್ರತಿಯೊಂದರಿಂದ 1.5 ಗ್ರಾಂ ತೆಗೆದು 8.5 ಗ್ರಾಂ ಪರ್ಫ್ಯೂಮ್ ಆಲ್ಕೊಹಾಲ್‌ಗೆ ಸೇರಿಸಿ ಪಟ್ಟಿಗೆ ಹಾಕಿ. ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಆರು ಗಂಟೆಗೆ, ಮರುದಿನ ಬೆಳಿಗ್ಗೆ ಮೂಸಿ ಬರೆದಿಡಿ.

ಆರು ಗಂಟೆಯ ಟಿಪ್ಪಣಿಯೇ ಎಲ್ಲಕ್ಕಿಂತ ಮುಖ್ಯ. ಹೆಕ್ಸೆನಾಲ್, ಪೈನೀನ್ ಹಾರಿಹೋದ ಮೇಲೂ ಪೈರಜೀನ್ ಮೂಗಿಗೆ ಸಿಗುತ್ತಲೇ ಇರುತ್ತದೆ, ಏಕೆಂದರೆ ಅದರ ಬಹುಪಾಲು ಹಾರಿದರೂ ಉಳಿದ ಚೂರು ಸಾಕು. ಆಗ ಕೆಳಗೆ ಅದನ್ನು ಹಿಡಿದುಕೊಳ್ಳಲು ಏನೂ ಇಲ್ಲದಿದ್ದರೆ ಬರಿಯ ಮೆಣಸಿನಕಾಯಿ ಎದ್ದು ನಿಲ್ಲುತ್ತದೆ. ಓಕ್ ಮರದ ಪಾಚಿಯಂಥ ವಾಸನೆಯ ಎವರ್ನಿಲ್, ಲಾವಂಚದ ಎಣ್ಣೆ, ಗ್ಯಾಲ್ಬನಮ್ ರೆಸಿನಾಯ್ಡ್ (ಅಂಟಿನಿಂದ ತೆಗೆದ ಮಂದ ಸಾರ), ಇವು ಅದರ ಮಣ್ಣಿನ ಗುಣವನ್ನು ತಮ್ಮದಾಗಿಸಿಕೊಳ್ಳುತ್ತವೆ. ನಮ್ಮ ಅಭಿಪ್ರಾಯದಲ್ಲಿ ಲಾವಂಚಕ್ಕಿಂತ ಒಳ್ಳೆಯ ಜೊತೆ ಇದಕ್ಕಿಲ್ಲ.

ಸಾಮಾನ್ಯವಾಗಿ ಹಸಿರೇ ಪ್ರಧಾನವಾದ ಸೂತ್ರದಲ್ಲಿ 10ರಿಂದ 30 ಪಿಪಿಎಂ ಸಾಕು. ಹೂವಿನ ಸೂತ್ರದಲ್ಲಿ 1ರಿಂದ 3 ದಾಟಬೇಡಿ. ಮಲ್ಲಿಗೆಯನ್ನು ಬೆಂಜೈಲ್ ಅಸಿಟೇಟ್, ಲಿನಲೂಲ್, ಇಂಡೋಲ್, ಸಿಸ್-ಜಾಸ್ಮೋನ್‌ಗಳಿಂದ ಕಟ್ಟಿದಾಗ ಅರಳಿದ ಹೂ ಬರುತ್ತದೆ, ತೊಟ್ಟು ಬರುವುದಿಲ್ಲ. ಉಡುಪಿ ಮಲ್ಲಿಗೆಯ ಅಟ್ಟೆ ಬಿಚ್ಚಿದಾಗ ಮೊಗ್ಗಿನ ಜೊತೆ ಬರುವ ಹಸಿರು ಬೇಕಿದ್ದರೆ 1 ಪಿಪಿಎಂ ಪೈರಜೀನ್ ಮತ್ತು ಸ್ವಲ್ಪ ಸಿಸ್-3-ಹೆಕ್ಸೆನೈಲ್ ಅಸಿಟೇಟ್ ಸೇರಿಸಿ ನೋಡಿ. ಪೈರಜೀನ್ ಇದೆ ಎಂದು ಬೇರೆಯಾಗಿ ಗುರುತಿಸಲು ಸಾಧ್ಯವಾದರೆ ಅದು ಹೆಚ್ಚಾಯಿತು ಎಂದೇ ಅರ್ಥ. ಹಸಿರನ್ನು ಮುಚ್ಚುಮರೆಯಿಲ್ಲದೆ ಮುಂದೆ ನಿಲ್ಲಿಸಿದ ಸುಗಂಧ ಹೇಗಿರುತ್ತದೆಂದು ತಿಳಿಯಲು 1947ರಲ್ಲಿ ಪರ್ಫ್ಯೂಮ್ ತಯಾರಕಿ ಜರ್ಮೇನ್ ಸೆಲಿಯೆ ಫ್ರಾನ್ಸಿನ ಫ್ಯಾಷನ್ ಸಂಸ್ಥೆ ಬಾಲ್ಮೆಯ್ನ್‌ಗಾಗಿ ರಚಿಸಿದ ವಾಂ ವೆರ್ ನೋಡಬೇಕು, ಅದರ ಬೆನ್ನೆಲುಬೇ ಗ್ಯಾಲ್ಬನಮ್.

ಹೆಚ್ಚಾದರೆ

ಮುಚ್ಚಲು ಹೋಗಬೇಡಿ. ವೆನಿಲಿನ್, ನಿಂಬೆ, ಮಸ್ಕ್ ಏನೇ ಸುರಿದರೂ ಅವುಗಳ ನಡುವಿನಿಂದ ಇದು ಕಾಣುತ್ತದೆ, ಸೂತ್ರ ಮಾತ್ರ ಕಲಸುಮೇಲೋಗರವಾಗುತ್ತದೆ. ಇರುವ ದಾರಿ ಒಂದೇ, ಅದೇ ಸೂತ್ರವನ್ನು ಪೈರಜೀನ್ ಬಿಟ್ಟು ಮತ್ತೆ ಮಾಡಿ ಬೆರೆಸುವುದು. ಇರುವ ಪಿಪಿಎಂ ಅನ್ನು ಬೇಕಾದ ಪಿಪಿಎಂನಿಂದ ಭಾಗಿಸಿ, ಬ್ಯಾಚಿನ ತೂಕದಿಂದ ಗುಣಿಸಿದರೆ ಒಟ್ಟು ತೂಕ ಸಿಗುತ್ತದೆ. 10 ಗ್ರಾಂನಲ್ಲಿ 50 ಪಿಪಿಎಂ ಇದ್ದು ನಿಮಗೆ 10 ಬೇಕಿದ್ದರೆ ಒಟ್ಟು 50 ಗ್ರಾಂ ಆಗಬೇಕು, ಅಂದರೆ ಪೈರಜೀನ್ ಇಲ್ಲದ 40 ಗ್ರಾಂ ಹೊಸದಾಗಿ ಮಾಡಬೇಕು. ದುಬಾರಿ ಎಣ್ಣೆಗಳಿರುವ ಸೂತ್ರದಲ್ಲಿ ಇದು ದೊಡ್ಡ ಪೆಟ್ಟು. ಅದಕ್ಕೇ ಪೈರಜೀನ್ ಅನ್ನು ಎಲ್ಲಕ್ಕಿಂತ ಕೊನೆಗೆ, 0.01% ದ್ರಾವಣದಲ್ಲಿ, ಸಣ್ಣ ಸೀಸೆಯಲ್ಲಿ ಪರೀಕ್ಷಿಸಿದ ಮೇಲೆ ಮಾತ್ರ ಸೇರಿಸಬೇಕು.

ತೊಳೆಯುವುದು, ಇಡುವುದು

ಇದು ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಒಳಕ್ಕೆ ಇಳಿಯುತ್ತದೆ. ವೈನ್ ತಯಾರಿಕೆಯಲ್ಲಿ ದ್ರಾಕ್ಷಿ ರಸದಿಂದ ಮೀಥಾಕ್ಸಿಪೈರಜೀನ್ ಹೀರಿ ತೆಗೆಯಲು ಸಿಲಿಕೋನ್ ಪ್ರಯೋಗಿಸಿದ್ದಾರೆಂದರೆ ಅದು ಎಷ್ಟು ಹೀರುತ್ತದೆ ಊಹಿಸಬಹುದು. ರಬ್ಬರ್ ಬುರುಡೆಯ ಡ್ರಾಪರ್ ಇರುವ ಬಾಟಲಿಯಲ್ಲಿ ಇದನ್ನು ಎಂದೂ ಇಡಬೇಡಿ. ಕಂದು ಗಾಜಿನ ಬಾಟಲಿ, ಪಿಟಿಎಫ್‌ಇ (ಟೆಫ್ಲಾನ್) ಪದರದ ಮುಚ್ಚಳ ಬೇಕು. ಒಮ್ಮೆ ಬಳಸಿದ ಪ್ಲಾಸ್ಟಿಕ್ ಪಿಪೆಟ್ ಮುಚ್ಚಿದ ಚೀಲದಲ್ಲಿ ಕಸಕ್ಕೆ ಹೋಗಲಿ.

ಗಾಜಿನ ಸಾಮಾನನ್ನು ಎಥನಾಲ್‌ನಿಂದ ಮೂರು ಸಲ ತೊಳೆದು, ಆಮೇಲೆ ಸೋಪು ನೀರು, ಬಿಸಿ ನೀರು. ತೊಳೆದ ಎಥನಾಲ್ ಅನ್ನು ಬೇರೆ ಬಾಟಲಿಗೆ ಸುರಿದಿಡಿ, ಸಿಂಕ್‌ಗೆ ಬೇಡ. ನಿಂಬೆ ರಸ, ವಿನೆಗರ್ ಹಾಕಿದರೆ ಹೋಗುತ್ತದೆಂದು ನಂಬಬೇಡಿ. ಮೀನಿನ ವಾಸನೆಗೆ ಕಾರಣವಾದ ಅಮೀನ್‌ಗಳನ್ನು ಆಮ್ಲ ಕಟ್ಟಿಹಾಕುತ್ತದೆ, ಆದರೆ ಪೈರಜೀನ್ ತೀರಾ ದುರ್ಬಲ ಪ್ರತ್ಯಾಮ್ಲವಾದ್ದರಿಂದ ಅಡುಗೆಮನೆಯ ಆಮ್ಲಕ್ಕೆ ಜಗ್ಗುವುದಿಲ್ಲ.

ಶುದ್ಧ ವಸ್ತು ಮತ್ತು 1% ದ್ರಾವಣದ ಬಾಟಲಿಗಳನ್ನು ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿಟ್ಟು, ತಳಕ್ಕೆ ಸಕ್ರಿಯ ಇದ್ದಿಲಿನ ಪೊಟ್ಟಣ ಹಾಕಿ, ಮಿಕ್ಕ ಸುಗಂಧ ವಸ್ತುಗಳಿಂದ ದೂರದ ತಂಪು ಕಪಾಟಿನಲ್ಲಿಡಿ. ಊಟದ ಪದಾರ್ಥ ಇಡುವ ಫ್ರಿಜ್ ಇದಕ್ಕೆ ಜಾಗವಲ್ಲ. ಕೆಲಸದ ಮೇಜಿನ ಮೇಲೆ ದಿನನಿತ್ಯ ಇರಬೇಕಾದದ್ದು 0.1% ಮತ್ತು 0.01% ಬಾಟಲಿಗಳು ಮಾತ್ರ.