ಸ್ಟ್ರ್‌ಎಕ್ಸ್‌ಎಫ್‌ಆರ್‌ಎಂ ಬಳಸಿ ಹತ್ತು ಲಕ್ಷ ಪದಗಳ ವಿಂಗಡಣೆ: ನನ್ನ ಅನುಭವ

ಕನ್ನಡ ಪದಗಳನ್ನು ಅಕ್ಷರಕ್ರಮದಲ್ಲಿ ವಿಂಗಡಿಸಲು ಪ್ರತಿ ಪದಕ್ಕೂ ಮೊದಲೇ ಕೀ (ನೇರವಾಗಿ ಬೈಟ್ ಬೈಟ್ ಹೋಲಿಸಬಹುದಾದ ರೂಪ) ತಯಾರಿಸಿಟ್ಟರೆ ಮೆಮೊರಿ ಸಾಲುವುದಿಲ್ಲ ಎಂದು ತಂಡದಲ್ಲಿ ಬಹುತೇಕ ಎಲ್ಲರೂ ವಾದಿಸಿದ್ದರು. ಈಗ ಅದೇ ವಿಧಾನ ತಿಂಗಳುಗಳಿಂದ ತೊಂದರೆಯಿಲ್ಲದೆ ನಡೆಯುತ್ತಿರುವುದರಿಂದ ಬರೆಯುತ್ತಿದ್ದೇನೆ.

ಪದಗಳನ್ನು ಹೋಲಿಸುವ ಸಿ ಭಾಷೆಯ ಫಂಕ್ಷನ್ ಸ್ಟ್ರ್‌ಕಂಪ್ (strcmp) ಬೈಟ್‌ಗಳನ್ನಷ್ಟೇ ನೋಡುವುದರಿಂದ, ಯೂನಿಕೋಡ್‌ನಲ್ಲಿ ಲಕಾರದ ಪಕ್ಕದಲ್ಲೇ ಇರುವ ಳಕಾರವು ಹಕಾರದ ನಂತರ ಬರುವ ಬದಲು ವಕಾರಕ್ಕಿಂತ ಮುಂದೆ ಬರುತ್ತಿತ್ತು. ಆದ್ದರಿಂದ ಲೋಕಲ್‌ಡೆಫ್ (localedef) ಎಂಬ ಉಪಕರಣದಿಂದ ನಮ್ಮದೇ ಕೊಲೇಷನ್ (ಅಕ್ಷರಕ್ರಮದ) ಕೋಷ್ಟಕ ಕಟ್ಟಿಕೊಂಡೆವು. ಅದರ ಒಳಗುಟ್ಟು ಇಲ್ಲಿ ಬೇಡ. ಆ ಕೋಷ್ಟಕದಂತೆ ಹೋಲಿಸುವ ಸ್ಟ್ರ್‌ಕಾಲ್ (strcoll) ಸರಿಯಾದ ಕ್ರಮವನ್ನೇ ಕೊಟ್ಟಿತು, ಆದರೆ ಹತ್ತು ಲಕ್ಷ ಪದಗಳಿಗೆ ಸುಮಾರು ಎರಡು ಕೋಟಿ ಹೋಲಿಕೆಗಳಾಗಿ, ಪ್ರತಿ ಹೋಲಿಕೆಯಲ್ಲೂ ಎರಡೂ ಪದಗಳನ್ನು ಹೊಸದಾಗಿ ಬಿಡಿಸಬೇಕಾಗುತ್ತಿತ್ತು. ಹೆಚ್ಚು ಕೋರ್‌ಗಳ ಸರ್ವರ್‌ಗೆ ದುಪ್ಪಟ್ಟು ಬಾಡಿಗೆ ತೆತ್ತೆವು. ವಿಂಗಡಣೆ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದು ಹೊತ್ತಿಗೆ ಒಂದೇ ಕೋರ್‌ನಲ್ಲಿ, ನಡೆಯುವುದರಿಂದ ಆ ಹಣ ನೀರಿನಲ್ಲಿ ಹೋಯಿತು.

ಪದವನ್ನು ಆ ಕೋಷ್ಟಕದಂತೆ ಕೀಯಾಗಿ ಮಾರ್ಪಡಿಸುವ ಸ್ಟ್ರ್‌ಎಕ್ಸ್‌ಎಫ್‌ಆರ್‌ಎಂ (strxfrm) ಅನ್ನು ಪದಕ್ಕೊಮ್ಮೆ ಕರೆದರೆ ಮುಂದಿನದೆಲ್ಲ ಸ್ಟ್ರ್‌ಕಂಪ್‌ನ ಕೆಲಸ. ಕೀಯ ಅಳತೆ ತಿಳಿಯಲು ಸೊನ್ನೆ ಗಾತ್ರದಿಂದ ಒಮ್ಮೆ, ಕೀಗಾಗಿ ಮತ್ತೊಮ್ಮೆ ಕರೆದಾಗ ಲಾಭದ ಒಂದು ಪಾಲು ಅಲ್ಲೇ ಸೋರಿತು. ಕೊನೆಗೆ ಒಂದೇ ದೊಡ್ಡ ಬಫರ್ (ತಾತ್ಕಾಲಿಕ ಮೆಮೊರಿ ಜಾಗ) ಇಟ್ಟುಕೊಂಡು, ಹಿಂತಿರುಗಿದ ಉದ್ದ ಬಫರ್‌ನ ಗಾತ್ರಕ್ಕೆ ಸಮನಾಗಿದ್ದರೆ ಅಥವಾ ಮೀರಿದರೆ ಮಾತ್ರ ಅದನ್ನು ಹಿಗ್ಗಿಸಿ ಮತ್ತೆ ಕರೆದು, ಕೀಗಳನ್ನು ಒಂದೇ ಅಖಂಡ ಮೆಮೊರಿ ತುಂಡಿಗೆ ನಕಲಿಸಿದೆ. ನೆನಪಿನಿಂದ ಹೇಳುವುದಾದರೆ, ಕೀ ಮೂಲಪದದ ಮೂರು ಪಟ್ಟು ಬೆಳೆದರೂ ಒಟ್ಟು ನೂರು ಎಂಬಿಯ ಆಸುಪಾಸಿನಲ್ಲಿ ಮುಗಿಯಿತು, ಅರ್ಧ ನಿಮಿಷದ ಕೆಲಸ ಮೂರ್ನಾಲ್ಕು ಸೆಕೆಂಡಿಗೆ ಇಳಿಯಿತು; ಮರುದಿನವೇ ಹಳೆಯ ಸಣ್ಣ ಸರ್ವರ್‌ಗೆ ಮರಳಿದೆವು. ದೋಷಕ್ಕೆಂದೇ ಮೀಸಲಾದ ಉತ್ತರ ಈ ಫಂಕ್ಷನ್‌ಗೆ ಇಲ್ಲದ ಕಾರಣ, ಕರೆಯುವ ಮೊದಲು ಎರ್‌ನೋ (ದೋಷದ ಸಂಖ್ಯೆ ದಾಖಲಾಗುವ ಜಾಗ) ಸೊನ್ನೆ ಮಾಡಿ ನಂತರ ನೋಡುತ್ತೇನೆ.

ಇನ್ನಷ್ಟು ಉಳಿಸುವ ಆಸೆಯಿಂದ ಆಲ್ಪೈನ್ ಎಂಬ ಪುಟ್ಟ ಲಿನಕ್ಸ್‌ನ ಕಂಟೈನರ್‌ನಲ್ಲಿಯೂ ಓಡಿಸಿದೆ. ಅಲ್ಲಿನ ಮಸಲ್ (musl) ಎಂಬ ಸಿ ಲೈಬ್ರರಿಯ ಸ್ಟ್ರ್‌ಎಕ್ಸ್‌ಎಫ್‌ಆರ್‌ಎಂ ಬೈಟ್‌ಗಳನ್ನು ಇದ್ದಂತೆಯೇ ನಕಲಿಸುತ್ತದೆ, ಹೀಗಾಗಿ ಯಾವ ದೋಷಸೂಚನೆಯೂ ಇಲ್ಲದೆ ಳಕಾರ ಮತ್ತೆ ಹಳೆಯ ಜಾಗಕ್ಕೆ ಹೋಯಿತು. ಕೀಗಳನ್ನು ಡಿಸ್ಕ್‌ನಲ್ಲಿ ಉಳಿಸುವ ಪ್ರಯೋಗವನ್ನೂ ಕೈಬಿಟ್ಟೆ: ಉಳಿದ ಬಹುತೇಕ ಲಿನಕ್ಸ್‌ಗಳ ಸಿ ಲೈಬ್ರರಿಯಾದ ಗ್ಲಿಬ್‌ಸಿಯ (glibc) 2018ರ 2.28 ಆವೃತ್ತಿಯಲ್ಲಿ ಕೊಲೇಷನ್ ದತ್ತಾಂಶವೇ ಬದಲಾದಂತೆ ಮುಂದೆಯೂ ಬದಲಾದರೆ, ಹಳೆಯ ಕೀ ಹೊಸ ಕೀಗೆ ಹೊಂದುವುದಿಲ್ಲ.

ಅನುಮಾನಪಟ್ಟವರು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಉದಾಹರಣೆ ಎತ್ತಿದ್ದರು. ಗ್ಲಿಬ್‌ಸಿಯ ಕೆಲವು ಆವೃತ್ತಿಗಳಲ್ಲಿ ಸ್ಟ್ರ್‌ಕಾಲ್ ಮತ್ತು ಸ್ಟ್ರ್‌ಎಕ್ಸ್‌ಎಫ್‌ಆರ್‌ಎಂಗಳ ಉತ್ತರ ಹೊಂದದ್ದರಿಂದ, ಪೋಸ್ಟ್‌ಗ್ರೆಸ್‌ನ 2016ರ 9.5.2 ಆವೃತ್ತಿಯಲ್ಲಿ ಸಿ ಲೊಕೇಲ್ (ಬರೀ ಬೈಟ್‌ಕ್ರಮ) ಹೊರತಾದ ಭಾಷಾಕ್ರಮಗಳಿಗೆ ಇಂಥ ಕೀಗಳನ್ನು ನಿಲ್ಲಿಸಲಾಗಿತ್ತು. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೇ ವಿಂಗಡಣೆಯ ನಂತರ ಅಕ್ಕಪಕ್ಕದ ಜೋಡಿಗಳನ್ನೆಲ್ಲ ಸ್ಟ್ರ್‌ಕಾಲ್‌ನಿಂದ ಒಮ್ಮೆ ಪರೀಕ್ಷಿಸುತ್ತೇನೆ, ಹೊಂದದಿದ್ದರೆ ಹಳೆಯ ವಿಧಾನಕ್ಕೆ ಹೊರಳುತ್ತೇನೆ. ಈವರೆಗೆ ಹೊರಳುವ ಪ್ರಮೇಯ ಬಂದಿಲ್ಲ.